ಬದಲಿಗೆ ಬಂದವಳು

ಪೋಲಿಯೊ ಹನಿ ಹಾಕುವ ದಿನ ಕಬ್ಬು ಕಡಿಯುವವರ ಬಿಡಾರಕ್ಕೆ ಹೋಗಲು ನಮ್ಮಲ್ಲಿ ಯಾರೂ ಮುಂದೆ ಬರುತ್ತಿರಲಿಲ್ಲ. ಬಿಡಾರ ಊರಿಂದ ದೂರ, ದಾರಿಯೆಲ್ಲ ಕಬ್ಬಿನ ಟ್ರ್ಯಾಕ್ಟರು ಓಡಾಡಿ ಹಿಟ್ಟಾದ ಧೂಳು, ಮೇಲೆ ನಾಯಿಗಳ ಕಾಟ. ಆಶಾ ಕಾರ್ಯಕರ್ತೆಗೆ ಅವತ್ತೇ ಮೊಣಕಾಲು ನೋವು ನೆನಪಾಯಿತು, ಅಂಗನವಾಡಿಯವಳಿಗೆ ಮೀಟಿಂಗು. ಕಡೆಗೆ ಲಸಿಕೆಯ ಡಬ್ಬಿ ನನ್ನ ಹೆಗಲಿಗೇ ಬಿತ್ತು. ನಾನು ಹಾನಗಲ್ ತಾಲೂಕಿನ ದಕ್ಷಿಣದ ಅಂಚಿನ ಒಂದು ಉಪಕೇಂದ್ರದ ನರ್ಸು. ಹುಟ್ಟಿದ್ದು ಸವಣೂರಿನಲ್ಲಿ, ಅದಕ್ಕೇ ನನ್ನ ಮಾತಿಗೆ ಅಲ್ಲಿಯ ಖಾರದ ರುಚಿ ಎಂದು ಜೊತೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಬಾಯಿ ಜೋರಿಲ್ಲದ ನರ್ಸಿನ ಮಾತು ನಮ್ಮ ಕಡೆ ಯಾರು ಕೇಳುತ್ತಾರೆ?

ಬಿಡಾರದಲ್ಲಿ ಬಿದಿರು ಬಗ್ಗಿಸಿ ತಾಡಪಾಲು ಹೊದಿಸಿದ ಗುಡಿಸಲುಗಳು, ಬಾಗಿಯೇ ಒಳಗೆ ಹೋಗಬೇಕು. ಎಲ್ಲರೂ ಮರಾಠವಾಡದ ಕಡೆಯವರು. ದೀಪಾವಳಿ ಮುಗಿಸಿ ಬರುತ್ತಾರೆ, ಯುಗಾದಿಯ ಹೊತ್ತಿಗೆ ಮರಳುತ್ತಾರೆ. ಅವರ ಟೋಳಿಯನ್ನು ಕರೆತರುವ ಮುಕಾದಮ ವರ್ಷಾನುವರ್ಷ ಈ ಸೀಮೆಯಲ್ಲಿ ತಿರುಗಿ ನಮ್ಮಂತೆಯೇ ಕನ್ನಡ ಆಡುತ್ತಿದ್ದ. ಕೂಸುಗಳಿಗೆ ಹನಿ ಹಾಕಿ, ಬೆರಳಿಗೆ ಮಸಿ ಹಚ್ಚಿ ಎದ್ದಾಗ ಒಲೆಯ ಮುಂದೆ ಕುಳಿತಿದ್ದ ಒಬ್ಬ ಬಸುರಿ ಕಣ್ಣಿಗೆ ಬಿದ್ದಳು. ಒಲೆಯ ಮಣ್ಣನ್ನು ಉಗುರಿನಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಏನ ತಿನ್ನಾಕತ್ತಿ ತಂಗಿ?" ಎಂದೆ. ಅವಳು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಉತ್ತರ ಕೊಟ್ಟಳು: "ಮಣ್ಣ ತಿಂತಾಳ್ರಿ ಅಕ್ಕಾ. ಬ್ಯಾಡಂದ್ರ ಕೇಳೂದ ಇಲ್ಲ. ನೀವರ ನಾಕು ಬೈರಿ."

ಹೀಗೆ ಉತ್ತರ ಕೊಟ್ಟವಳು ಅವಳ ನೆಗೆಣ್ಣಿ. ಅಣ್ಣತಮ್ಮಂದಿರ ಹೆಂಡಂದಿರು ಇಬ್ಬರೂ, ಒಂದೇ ಗುಡಿಸಲು, ಒಂದೇ ಒಲೆ. ನೆಗೆಣ್ಣಿಯೂ ಬಸುರಿಯೇ, ಆದರೆ ಇನ್ನೂ ಐದು ತಿಂಗಳು. ಬಾಯಿ ಮಾತ್ರ ನನ್ನಷ್ಟೇ ಜೋರು, ಎರಡು ಹಂಗಾಮಿನಲ್ಲಿ ಕನ್ನಡ ಕಲಿತಿದ್ದಳು. ಮಣ್ಣು ತಿನ್ನುವವಳಿಗೆ ಏಳು ತುಂಬಿತ್ತು, ಮಾತೇ ಇಲ್ಲ. ಅಂಗೈ ತೆರೆಸಿ ನೋಡಿದೆ. ಸುಣ್ಣ ಬಳಿದಂತೆ ಬಿಳಿ. ಕಣ್ಣಿನ ಕೆಳರೆಪ್ಪೆ ಎಳೆದರೆ ಕೆಂಪೆಂಬುದೇ ಇಲ್ಲ. ಬೆರಳು ಚುಚ್ಚಿ ಮೀಟರಿಗೆ ಹನಿ ರಕ್ತ ಕೊಟ್ಟೆ. ಹಿಮೋಗ್ಲೋಬಿನ್ ಏಳರ ಮೇಲೆ ಚೂರು ತೋರಿಸಿತು. ಹನ್ನೊಂದಾದರೂ ಇರಬೇಕಾದ ಕಡೆ ಏಳು! ನೆಗೆಣ್ಣಿಯದೂ ಒಂಬತ್ತರ ಹತ್ತಿರವಿತ್ತು, ಅವಳಿಗೆ ಗುಳಿಗೆ ಸಾಕು. ಇವಳಿಗೆ ಗುಳಿಗೆ ನುಂಗಿಸಿ ಕಾಯುವಷ್ಟು ಹೊತ್ತು ಉಳಿದಿರಲಿಲ್ಲ. ಹೀಗೇ ಹೆರಿಗೆಗೆ ಹೋದರೆ ಸ್ವಲ್ಪ ರಕ್ತ ಹೋದರೂ ಜೀವ ತಡೆಯುವುದಿಲ್ಲ ಎಂದು ಮುಕಾದಮನಿಗೆ ಬಿಡಿಸಿ ಹೇಳಿದೆ.

ಅವನು ತಲೆ ಕೆರೆದುಕೊಂಡ. "ಗಂಡ ಹೆಂಡ್ತಿ ಕೂಡಿದ್ರ ಒಂದು ಕೊಯ್ತಾ, ಒಂದ ಕತ್ತಿ ಲೆಕ್ಕ ಐತ್ರಿ ಬಾಯಿ. ಅಂವಾ ಕಡೀತಾನ, ಇಕಿ ಸವರಿ ಹೊರಿ ಕಟ್ತಾಳ. ಇಕಿ ಕುಂತ್ರ ಅವನ ಕತ್ತೀನೂ ಕುಂತಂಗ."

"ಹಂಗಾದ್ರ ಜಡ್ಡು ಬಿದ್ರ ಏನ ಮಾಡ್ತೀರಿ?"

"ಅದ ಮನಿಯಾಗಿನವ್ರು ಬದಲಿ ನಿಲ್ತಾರ್ರಿ. ಟೋಳಿ ಅಂದ್ಮ್ಯಾಲೆ ಯಾರದೂ ಪಾಳಿ ಬೀಳಬಾರದು."

ಎಂಥ ಒಳ್ಳೆಯ ಪದ್ಧತಿ ಅನ್ನಿಸಿತು ನನಗೆ. ಹೊಗಳಿಯೂ ಬಿಟ್ಟೆ.

ಮರುದಿನ ಹುಡುಗಿಯನ್ನೂ ಅವಳ ಗಂಡನನ್ನೂ ಕರೆದುಕೊಂಡು ನಮ್ಮ ಆರೋಗ್ಯ ಕೇಂದ್ರದ ಡಾಕ್ಟರ ಮುಂದೆ ನಿಂತೆ. ಅವರು ದಾವಣಗೆರೆ ಕಡೆಯ ಹುಡುಗ, ಕೆಲಸಕ್ಕೆ ಹೊಸಬರು, ಮನಸ್ಸು ಒಳ್ಳೆಯದು. ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ಕಬ್ಬಿಣಾಂಶದ ಔಷಧಿಯನ್ನು ಸಲೈನಿನಲ್ಲಿ ಬೆರೆಸಿ ದಿನ ಬಿಟ್ಟು ದಿನ ಐದು ಸಲ ಏರಿಸಿದರೆ ಹೆರಿಗೆಯ ಹೊತ್ತಿಗೆ ಚೇತರಿಸಿಕೊಳ್ಳುತ್ತಾಳೆ ಎಂದರು. ಸರ್ಕಾರಿ ಯೋಜನೆಯ ಕಾರ್ಡಿದ್ದರೆ ಹಾಸಿಗೆ, ಊಟ, ಔಷಧಿ ಎಲ್ಲ ಪುಕ್ಕಟೆ. ಇವಳ ಕಾರ್ಡು ಬೇರೆ ರಾಜ್ಯದ್ದು, ಅದೂ ಊರಲ್ಲಿ ಅತ್ತೆಯ ಟ್ರಂಕಿನಲ್ಲಿ. ಆಧಾರದ ನಂಬರು ಗಂಡನಿಗೆ ಅರ್ಧ ಗೊತ್ತು. ಕಂಪ್ಯೂಟರಿನ ಮುಂದೆ ಕುಳಿತವನು ಮೂರು ಥರ ಪ್ರಯತ್ನಿಸಿ, "ತಾಯಿ ಕಾರ್ಡೂ ಬರವಲ್ದು ಸಿಸ್ಟರ್, ಮುಂದಕ್ಕ ಹೋಗವಲ್ದು" ಎಂದು ಕೈಚೆಲ್ಲಿದ. ಔಷಧಿಯ ಬಾಟಲಿಗಳು ನಮ್ಮ ಕಪಾಟಿನಲ್ಲೇ ಇವೆ, ಕೊಡುವ ಕೈಯೂ ಇದೆ, ಹುಡುಗಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಳೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಅನ್ನುವುದು ಇದಕ್ಕೇ.

ನಾನು ಸಿಟ್ಟಿಗೆದ್ದೆ. "ನಾವ ಏರಿಸೂಣ ಸರ್, ಇಲ್ಲೇ. ಕಾರ್ಡ್ ಕೇಳಿ ರಕ್ತ ಹೆಚ್ಚಾಗಂಗಿಲ್ಲ," ಎಂದೆ. ಅವರು ಹೂಂ ಎಂದರು. ಖಾಲಿ ರಟ್ಟಿನ ಮೇಲೆ ಕೈಯಿಂದಲೇ ಒಂದು ಕಾರ್ಡು ಬರೆದೆ: ಹೆಸರು, ಎಷ್ಟು ತಿಂಗಳು, ರಕ್ತ ಎಷ್ಟು, ಯಾವತ್ತು ಎಷ್ಟನೆಯ ಬಾಟಲಿ, ಕೆಳಗೆ ನನ್ನ ಫೋನ್ ನಂಬರು. ಫೋಟೊ ಇರಲಿಲ್ಲ. ಫೋಟೊ ಯಾಕೆ ಬೇಕು, ನಾನೇ ಇದ್ದೇನಲ್ಲ ಅಂದುಕೊಂಡಿದ್ದೆ.

ಮೊದಲ ಬಾಟಲಿ ಏರಿಸಿದ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ನೆಗೆಣ್ಣಿ ಕೈ ಹಿಡಿದು ಕರೆತಂದಿದ್ದಳು. ಈ ಔಷಧಿಯನ್ನು ಅವಸರದಲ್ಲಿ ಬಿಡುವಂತಿಲ್ಲ. ಮೊದಲು ಹನಿ ಹನಿಯಾಗಿ ಬಿಟ್ಟು, ಮೈಯಲ್ಲಿ ತುರಿಕೆ, ಎದೆಯಲ್ಲಿ ಬಿಗಿತ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ವೇಗ ಹೆಚ್ಚಿಸಬೇಕು. ನರ ಸಿಗಲು ಒದ್ದಾಡಿದೆ. ಹುಡುಗಿ ನನ್ನನ್ನು ನೋಡಲಿಲ್ಲ, ಬೆಲ್ಲದ ನೀರಿನಂತೆ ಕಪ್ಪಗಿದ್ದ ಬಾಟಲಿಯನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ನೆಗೆಣ್ಣಿಯ ಕಿವಿಯಲ್ಲಿ ಏನೋ ಅಂದಳು.

"ಕೂಸಿಗೆ ಹೋಗ್ತದೇನು ಅಂತ ಕೇಳಾಕತ್ತಾಳ್ರಿ," ಎಂದಳು ನೆಗೆಣ್ಣಿ.

"ಹೋಗ್ತದ ಅಂತ ಹೇಳು. ಇಕಿ ತಗೊಂಡ್ರ ಅದು ತಗೊಂಡಂಗ."

ಆಗ ಹುಡುಗಿ ನಕ್ಕಳು. ಮುಂದಿನ ಹಲ್ಲಿನ ನಡುವೆ ಸಣ್ಣ ಸಂದು. ನಾನು ಊಟದ ಡಬ್ಬಿಯಿಂದ ಶೇಂಗಾ ಉಂಡಿ ತೆಗೆದು ಇಬ್ಬರಿಗೂ ಕೊಟ್ಟೆ. ಅವಳು ತನ್ನದನ್ನು ಮುರಿದು ಅರ್ಧ ನೆಗೆಣ್ಣಿಗೆ ಕೊಟ್ಟಳು, ಅವಳ ಕೈಯಲ್ಲಿ ಆಗಲೇ ಒಂದಿದ್ದರೂ.

ಎರಡನೆಯ ಬಾಟಲಿಯ ಮೊದಲೇ ಕೆಟ್ಟ ಸುದ್ದಿ ಬಂತು. ನಮ್ಮ ಕಡೆಯ ಕಬ್ಬು ಮುಗಿಯಿತು, ಟೋಳಿ ಶಿಗ್ಗಾಂವಿ ತಾಲೂಕಿಗೆ ಹೊರಡಬೇಕು, ಅಲ್ಲಿಂದ ಸವಣೂರು ಕಡೆಗೆ, ಕಡೆಗೆ ಹಿರೇಕೆರೂರು. ಹೊರಡುವ ಹಿಂದಿನ ದಿನ ಹುಡುಗಿಯ ಗಂಡ ಉಪಕೇಂದ್ರದ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಟೋಪಿ ತಿರುಚುತ್ತ, ತನಗೆ ಬರುವಷ್ಟು ಕನ್ನಡದಲ್ಲಿ, "ಇಕಿನ್ನ ಇಲ್ಲೇ ನಿಮ್ಮ ಹಂತ್ಯಾಕ ಬಿಟ್ಟು ಹೋಗ್ಲೇನ್ರಿ ಬಾಯಿ? ಔಷಧ ಮುಗಿದ ಮ್ಯಾಲೆ ಬಂದು ಒಯ್ತೇನಿ," ಎಂದ.

ಉಪಕೇಂದ್ರದಲ್ಲಿ ಒಂದು ಕೋಣೆ ಖಾಲಿಯೇ ಇತ್ತು. ನಾನು ಯೋಚಿಸಿದೆ: ಅಡಿಗೆ ಯಾರು ಮಾಡುತ್ತಾರೆ, ಭಾಷೆ ಬರದವಳು ಒಬ್ಬಳೇ ಹೇಗೆ ಇದ್ದಾಳು, ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಜವಾಬು ಕೊಡಬೇಕು? ಡಾಕ್ಟರನ್ನು ಕೇಳಿದೆ. "ಗಂಡನ ಜೊತೆ ಇರುವುದೇ ಒಳ್ಳೆಯದು ಸಿಸ್ಟರ್. ಎಲ್ಲಿ ಹೋದರೂ ನಮ್ಮ ಕೇಂದ್ರಗಳೇ ಅಲ್ಲವೇ? ಫೋನ್ ಮಾಡಿ ಹೇಳೋಣ, ಅವರು ಏರಿಸುತ್ತಾರೆ," ಎಂದರು. ಸರಿಯಾದ ಮಾತಾಗಿಯೇ ಕೇಳಿಸಿತು. ಔಷಧಿ ಅವಳ ಹಿಂದೆ ಹಿಂದೆ ಹೋಗುವಂತೆ ಮಾಡೋಣ ಎಂದು ನಿರ್ಧರಿಸಿದೆವು. ಈಗ ಆ ಖಾಲಿ ಕೋಣೆಯ ಬಾಗಿಲು ತೆಗೆಯುವಾಗಲೆಲ್ಲ ಆ ಟೋಪಿ ತಿರುಚುವ ಕೈ ನೆನಪಾಗುತ್ತದೆ. ಹೂಂ ಅಂದಿದ್ದರೆ ಆಗುತ್ತಿತ್ತು, ಅಷ್ಟೇ. ಒಂದು ಹೂಂ.

ಬಿಡಾರಕ್ಕೆ ಹೋಗಿ ಇಡೀ ಮನೆಯವರನ್ನು ಕೂಡಿಸಿಕೊಂಡು ತಾಕೀತು ಮಾಡಿದೆ. "ಇನ್ನ ನಾಕು ಬಾಟ್ಲಿ ಐತಿ. ಒಂದ್ ಸರ್ತೀನೂ ತಪ್ಪಿಸಂಗಿಲ್ಲ. ತಪ್ಪಿತೋ, ಮಾಡಿದ್ದೆಲ್ಲ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಗ್ತೈತಿ. ತಿಳೀತೇನು?" ಎಲ್ಲರೂ ತಲೆಯಾಡಿಸಿದರು. ನೆಗೆಣ್ಣಿ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನ ಸೊಂಟದ ಚೀಲಕ್ಕೆ ಸೇರಿಸಿದಳು. "ತಪ್ಪೂದಿಲ್ರಿ ಅಕ್ಕಾ. ನನ್ನ ಮ್ಯಾಲೆ ಬಿಡ್ರಿ," ಎಂದಳು.

ಶಿಗ್ಗಾಂವಿ ಕಡೆ ಹೆದ್ದಾರಿಗೆ ಹತ್ತಿರದ ಒಂದು ಕೇಂದ್ರದ ಸಿಸ್ಟರಿಗೆ ಫೋನ್ ಹಚ್ಚಿದೆ. ಮೊದಲು ಗೊಣಗಿದರು, ತಮ್ಮವರಿಗೇ ಸಾಲುವುದಿಲ್ಲ ಎಂದರು. ನನ್ನ ಬಾಯಿಗೆ ಸೋತು ಒಪ್ಪಿದರು. "ಬಂದಿದ್ಲು, ಏರಿಸಿ ಕಳಿಸೇನಿ" ಎಂದು ಎರಡು ಸಲ ಫೋನಿನಲ್ಲಿ ಹೇಳಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದೆ. ಟೋಳಿ ಸವಣೂರು ತಾಲೂಕಿಗೆ ಇಳಿದಾಗ ಇನ್ನೂ ಸಲೀಸಾಯಿತು; ಅಲ್ಲಿ ಇದ್ದವಳು ನನ್ನ ಜೊತೆ ತರಬೇತಿ ಮಾಡಿದ ಗೆಳತಿ. ಕಡೆಯ ಬಾಟಲಿ ಮುಗಿದ ದಿನ ಅವಳೇ ಫೋನ್ ಮಾಡಿದಳು.

"ಮುಗೀತ ನೋಡ ಮಾರಾಯ್ತಿ ನಿನ್ನ ಯಜ್ಞ. ಆದ್ರ ಅದೇನ ಬಾಯಿ ಆ ಹುಡುಗೀದು! ಬಾಟ್ಲಿ ಮುಗಿಯೂತನಾ ಒಂದ ಸವನ ಮಾತು. ನಮ್ಮ ಆಯಾನ್ನ ನಗಿಸಿ ನಗಿಸಿ ಸಾಕ ಮಾಡಿದ್ಲು."

"ಮಾತಾಡಿದ್ಲಾ? ನನ್ನ ಮುಂದ ತುಟಿ ಬಿಚ್ಚಿರಲಿಲ್ಲ!"

"ರಕ್ತ ಬಂತಲ್ಲವಾ, ಮಾತೂ ಬಂತು," ಎಂದು ಅವಳು ನಕ್ಕಳು. ನಾನೂ ನಕ್ಕೆ. ಅಯ್ಯ ಶಿವನೇ, ಎಷ್ಟು ಚೆನ್ನಾಗಿ ನಕ್ಕೆ! ಔಷಧಿ ಹತ್ತಿತು, ಮೂಗಿಯಂಥವಳಿಗೆ ಮಾತು ಬರಿಸಿದೆವು ಎಂದು ಡಾಕ್ಟರಿಗೂ ಹೇಳಿ ಬೀಗಿದೆ. ಅವತ್ತು ಸಂಜೆ ನಮ್ಮೋಣಿಯ ದರ್ಜಿಯ ಹತ್ತಿರ ಉಳಿದ ಹಳದಿ ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿಸಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂದು ನಮ್ಮವ್ವ ನಗುತ್ತಲೇ ಬೈದಳು.

ಹಿರೇಕೆರೂರು ಕಡೆಯಿಂದ ಗಂಡನ ಫೋನ್ ಬಂದದ್ದು ಒಂದು ಬೆಳಿಗ್ಗೆ, ನಾನು ತೂಕದ ತಕ್ಕಡಿ ಕಟ್ಟುತ್ತಿದ್ದಾಗ. ದಿನ ತುಂಬುವ ಮೊದಲೇ ನೋವು ಬಂದಿತ್ತು, ಕಬ್ಬಿನ ಟ್ರ್ಯಾಕ್ಟರಿನಲ್ಲೇ ಆಸ್ಪತ್ರೆಗೆ ತಂದಿದ್ದರು. "ನೀವು ಬರ್ರಿ ಬಾಯಿ, ಇಲ್ಲಿ ಕಾರ್ಡ್ ಕೇಳಾಕತ್ತಾರ," ಎಂದ. ಕುಲಾವಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ನಮ್ಮ ಊರಿಂದ ಆ ಕಡೆ ದೂರವಲ್ಲ, ಆದರೆ ಬಸ್ಸು ಹಳ್ಳಿ ಹಳ್ಳಿಗೂ ನಿಂತಿತು.

ನಾನು ಮುಟ್ಟುವುದರೊಳಗೆ ಹೆಣ್ಣು ಕೂಸು ಹುಟ್ಟಿತ್ತು, ಅಂಗೈ ಅಗಲದ್ದು, ಆದರೆ ಅಳುತ್ತಿತ್ತು. ಕಾರ್ಡಿನ ಮಾತನ್ನು ಆಗಲೇ ಎಲ್ಲರೂ ಮರೆತಿದ್ದರು. ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅಲ್ಲಿಯ ಡಾಕ್ಟರಮ್ಮ ಸೂಜಿ ಕೊಟ್ಟು, ಹೊಟ್ಟೆ ಉಜ್ಜಿ, ಬಟ್ಟೆ ತುರುಕಿ, ಮಾಡುವುದನ್ನೆಲ್ಲ ಮಾಡುತ್ತಿದ್ದರು. "ಬರುವಾಗಲೇ ಐದು ಇತ್ತು ಸಿಸ್ಟರ್," ಎಂದರು.

"ಹೆಂಗ ಸಾಧ್ಯ ಮೇಡಂ? ಐದೂ ಬಾಟ್ಲಿ ಏರ್ಸೇವಿ. ಕಾರ್ಡ್ ನೋಡ್ರಿ, ನಿಮ್ಮ ಮೀಟರ ಕೆಟ್ಟಿರಬೇಕು!"

"ಎರಡು ಸಲ ನೋಡೇನಿ. ಏರಿಸಿದ್ರ ಹಿಂಗ ಇರೂದಿಲ್ಲ." ಅವರು ತಲೆಯೆತ್ತಲಿಲ್ಲ. "ರಕ್ತ ಬೇಕು. ಈ ಗುಂಪಿಂದು ಇಲ್ಲಿಲ್ಲ. ಹಾವೇರಿಗೆ ಒಯ್ಯಬೇಕು, ಕೊಡವ್ರನ್ನೂ ಸಂಗಡ ಕರಕೊಂಡು ಹೋಗ್ರಿ."

ಹೊರಗೆ ಬಂದು ಟೋಳಿಯ ಗಂಡಸರ ಮುಂದೆ ನಿಂತು ಕೂಗಿದೆ: ರಕ್ತ ಕೊಡುವವರು ಯಾರು, ಬನ್ನಿ. ಗಂಡ ಮುಂದೆ ಬಂದ, ಮೈದುನ ಬಂದ. ಅವರಿಬ್ಬರನ್ನೂ ಸರಿಸಿಕೊಂಡು ನೆಗೆಣ್ಣಿ ನುಗ್ಗಿದಳು. ಕುಪ್ಪಸದ ತೋಳನ್ನು ಮೇಲೆ ಮಾಡಿ, ಮೊಣಕೈ ಒಳಬದಿಯನ್ನು ನನ್ನ ಮುಖದ ಮುಂದೆ ಹಿಡಿದಳು. ಅಲ್ಲಿ ಸೂಜಿಯ ಹಳೆಯ ಕಲೆಗಳು ಕಾಣುತ್ತಿದ್ದವು.

"ನನ್ನಾಗಿಂದ ತಗೋರ್ರಿ ಅಕ್ಕಾ. ಆಕಿ ಔಷಧ ಎಲ್ಲಾ ನನ್ನಾಗ ಐತ್ರಿ. ಲಗೂನ ತಗದು ಆಕಿಗೆ ಹಾಕ್ರಿ."

ನನಗೆ ತಕ್ಷಣ ತಿಳಿಯಲಿಲ್ಲ. "ಏನಂದಿ?"

"ಆಕಿಗೆ ನಡ್ಯಾಕ ಆಗ್ತಿರಲಿಲ್ರಿ. ಕಾಲ ಬಾತಿದ್ವು, ದವಾಖಾನಿ ದೂರ. ನೀವು ತಪ್ಪಿಸಬ್ಯಾಡ ಅಂದಿದ್ರಿ. ನೀ ಮಕ್ಕೋ, ನಾ ಹೋಗಿ ಬರ್ತೇನಿ ಅಂದೆ. ಆಕಿ ಬದಲಿ ನಾ ಹ್ವಾದ್ನಿ. ಒಂದೂ ತಪ್ಪಿಸಿಲ್ರಿ ಅಕ್ಕಾ, ನಾಕೂ ತಗೊಂಡೇನಿ!"

"ಔಷಧ ಯಾರಿಗಿತ್ತು ಹುಚ್ಚಿ?"

"ಒಂದ ಮನಿ ಅಲ್ಲೇನ್ರಿ ನಾವು? ಹರಕಿ ಹೊತ್ತಾಕಿಗೆ ಆಗ್ಲಿಲ್ಲಂದ್ರ ಮನಿಯವ್ರು ಉರುಳೂದಿಲ್ಲೇನು? ನೀವ ಅಂದ್ರಲ್ರಿ, ಇಕಿ ತಗೊಂಡ್ರ ಕೂಸಿಗೆ ಮುಟ್ತದ ಅಂತ. ಮತ್ತ ನಾ ತಗೊಂಡಿದ್ದು ಆಕಿಗೆ ಮುಟ್ಟೂದಿಲ್ಲೇನ್ರಿ?"

ಅವಳು ಕೇಳುತ್ತಿದ್ದದ್ದು ನಿಜವಾಗಿಯೂ ಗೊತ್ತಿಲ್ಲದೆ. ಕೈ ಇನ್ನೂ ಚಾಚಿಯೇ ಇತ್ತು. ಬಸುರಿಯ ರಕ್ತ ತೆಗೆಯುವಂತಿಲ್ಲ. ಆ ಕೈಯನ್ನು ಹಿಡಿದು ಕೆಳಗೆ ಇಳಿಸಿದೆ. ಬೈಯಲಿಲ್ಲ. ಬಾಯಿ ಜೋರಿನ ನನಗೆ ಅವತ್ತು ಒಂದು ಬೈಗುಳವೂ ನೆನಪಾಗಲಿಲ್ಲ.

ಆಂಬುಲೆನ್ಸಿನಲ್ಲಿ ನಾನೇ ಕೂತೆ. ಒಂದು ಕೈಯಲ್ಲಿ ಅವಳ ಹೊಟ್ಟೆಯನ್ನು ಒತ್ತಿ ಉಜ್ಜುತ್ತ, ಇನ್ನೊಂದರಲ್ಲಿ ಸಲೈನು ಹಿಡಿದು. ಗಂಡ ಕಾಲಬುಡದಲ್ಲಿ ಕೂತು ಅವಳ ಪಾದಗಳನ್ನು ತಿಕ್ಕುತ್ತಿದ್ದ. ಪಾದಗಳು ನಿಜಕ್ಕೂ ಬಾತಿದ್ದವು. ಅವಳು ಒಮ್ಮೆ ಕಣ್ಣು ತೆರೆದು ಸಲೈನಿನ ಬಾಟಲಿಯನ್ನು ನೋಡಿದಳು. ಏನೋ ಕೇಳಬೇಕೆಂದಿದ್ದಳು, ಕಾಲಬುಡದಲ್ಲಿದ್ದ ಗಂಡನಿಗೆ ಅದು ಕೇಳಿಸಲಿಲ್ಲ, ಕಿವಿಯಿಟ್ಟು ಕೇಳುವ ನೆಗೆಣ್ಣಿ ಕೂಸಿನ ಹತ್ತಿರ ಉಳಿದಿದ್ದಳು. "ಕೂಸು ಛಲೋ ಐತವಾ," ಎಂದೆ ನಾನು. ಅರ್ಥವಾಯಿತೋ ಇಲ್ಲವೋ. ಹಾವೇರಿ ಇನ್ನೂ ದೂರವಿರುವಾಗಲೇ ಅವಳು ತೀರಿಕೊಂಡಳು.

ಇಂಥ ಸಾವಾದಾಗ ವಿಚಾರಣೆಯ ಸಭೆ ಇರುತ್ತದೆ. ಎಲ್ಲಿ ಯಾರು ಏನು ಮಾಡಿದರು ಎಂದು ಕೇಳಿದರು. ಶಿಗ್ಗಾಂವಿ ಕಡೆಯವರು ಕಾರ್ಡು ನೋಡಿ ಔಷಧಿ ಕೊಟ್ಟಿದ್ದರು. ನನ್ನ ಗೆಳತಿಯೂ ಅಷ್ಟೇ. ಸೆರಗು ಹೊದ್ದ ಬಡಕಲು ಬಸುರಿ, ಕೈಯಲ್ಲಿ ನನ್ನ ಅಕ್ಷರದ ಕಾರ್ಡು, ಇನ್ನೇನು ಅನುಮಾನ ಪಡಬೇಕಿತ್ತು? ಸಭೆಯಿಂದ ಹೊರಗೆ ಬಂದು ಗೆಳತಿ ಗೋಡೆಗೆ ಒರಗಿ ಅತ್ತಳು. "ಹೊಟ್ಟಿ ಸಣ್ಣದೈತಲ್ಲ ಅಂದ್ಕೊಂಡಿದ್ದೆ ಮಾರಾಯ್ತಿ. ಉಣ್ಣಾಕಿಲ್ಲದವ್ರು, ಹಿಂಗ ಇರ್ತಾವ ಅಂತ ಬಿಟ್ಟೆ." ಮೂಗಿಯಂಥವಳು ಮಾತಾಡಿದಳು ಎಂದು ಅವಳೇ ಹೇಳಿದ್ದಳು, ಕೇಳಿ ನಕ್ಕವಳು ನಾನು. ಮೂರು ತಾಲೂಕುಗಳಲ್ಲಿ ಬಾಟಲಿಗಳ ಹಿಂದೆ ಬಿದ್ದಿದ್ದೆವು, ಹುಡುಗಿ ಎಲ್ಲಿದ್ದಾಳೆಂದು ಯಾರೂ ನೋಡಲಿಲ್ಲ. ಆಸ್ಪತ್ರೆಯ ಹಾಸಿಗೆ ಸಿಕ್ಕಿದ್ದರೆ ಅವಳ ಬದಲಿಗೆ ಇನ್ನೊಬ್ಬಳು ಮಲಗಲು ಬರುತ್ತಿರಲಿಲ್ಲ. ನೆಗೆಣ್ಣಿಯ ಮೇಲೆ ಸಿಟ್ಟು ಮಾಡಲು ಪ್ರಯತ್ನಿಸಿದೆ, ಆಗಲಿಲ್ಲ. ಅವಳಿಗೂ ರಕ್ತ ಕಡಿಮೆಯೇ ಇತ್ತು. ಅವಳಿಗೆ ಹೋದ ಔಷಧಿ ವ್ಯರ್ಥವಾಯಿತೆಂದು ಅನ್ನಲೂ ಬರುವುದಿಲ್ಲ.

ಈಗ ನಾನು ಬಿಡಾರದ ಬಸುರಿಯರನ್ನು ಫೋನಿನಲ್ಲಿ ಒಪ್ಪಿಸುವುದಿಲ್ಲ. ಟೋಳಿ ಎದ್ದರೆ ಹೊಸ ಜಾಗಕ್ಕೆ ಒಮ್ಮೆ ನಾನೇ ಹೋಗುತ್ತೇನೆ, ಅಲ್ಲಿಯ ಸಿಸ್ಟರ ಮುಂದೆ ಹುಡುಗಿಯನ್ನು ನಿಲ್ಲಿಸಿ ಸೆರಗು ಸರಿಸಿ ಮುಖ ತೋರಿಸಿ ಬರುತ್ತೇನೆ. ರಜೆ ಹಾಳಾಗುತ್ತದೆ ಎಂದು ಮನೆಯಲ್ಲಿ ಗೊಣಗುತ್ತಾರೆ. ಖಾಲಿ ಕೋಣೆಯಲ್ಲಿ ಒಂದು ಮಂಚ ಹಾಕಿಸಿದ್ದೇನೆ. ಅದನ್ನು ಯಾರೂ ಕೇಳಿ ಬಂದಿಲ್ಲ.

ಮುಂದಿನ ದೀಪಾವಳಿ ಕಳೆದು ಟೋಳಿ ಮತ್ತೆ ಬಂತು. ಲಸಿಕೆಯ ಡಬ್ಬಿ ಹೊತ್ತು ಹೋದೆ. ನೆಗೆಣ್ಣಿ ದೂರದಿಂದಲೇ ನನ್ನನ್ನು ಕಂಡು ಎದ್ದು ನಿಂತಳು. ಎರಡೂ ಕಂಕುಳಲ್ಲಿ ಒಂದೊಂದು ಕೂಸು. ಒಂದು ಅವಳದು, ಗುಂಡುಗುಂಡಾಗಿತ್ತು. ಇನ್ನೊಂದು ತಿಂಗಳಲ್ಲಿ ದೊಡ್ಡದು, ಮೈಯಲ್ಲಿ ಸಣ್ಣದು. ಅದಕ್ಕೆ ಒಂಬತ್ತು ತುಂಬಿತ್ತು, ದಡಾರದ ಸೂಜಿ ಹಾಕಬೇಕಿತ್ತು. ಆಸ್ಪತ್ರೆಯಲ್ಲಿ ನಾನು ಬಿಟ್ಟು ಬಂದ ಹಳದಿ ಕುಲಾವಿ ಅದರ ತಲೆಗೆ ಬಿಗಿಯಾಗಿ ಕೂತಿತ್ತು. ಹಿಂದಿನ ವರ್ಷದ ಜೋರು ಮಾತು ಅವಳ ಹತ್ತಿರ ಉಳಿದಿರಲಿಲ್ಲ. ಇಬ್ಬರಿಗೂ ಹಾಲು ಕೊಡುತ್ತಿದ್ದೇನೆ ಎಂದು ಮಾತ್ರ ಹೇಳಿದಳು.

ನಾನು ಸೂಜಿ ತುಂಬಿಕೊಂಡೆ. ಅವಳು ತನ್ನ ಕೂಸನ್ನು ಕೆಳಗೆ ಚಾಪೆಯ ಮೇಲೆ ಕೂಡಿಸಿ, ಇನ್ನೊಂದರ ಕುಲಾವಿ ಬಿಚ್ಚಿ, ಗದ್ದ ಹಿಡಿದು ಅದರ ಮುಖವನ್ನು ನನ್ನ ಕಡೆ ತಿರುಗಿಸಿದಳು.

"ನೋಡ್ಕೊಳ್ರಿ ಅಕ್ಕಾ. ಛಲೋತ್ನ್ಯಾಗ ನೋಡ್ಕೊಳ್ರಿ. ಇದು ಆಕಿದು."

ನೋಡಿದೆ. ಕೂಸು ಬಾಯಿ ತೆರೆದು ನಕ್ಕಿತು. ಮೇಲೆ ಎರಡು ಹೊಸ ಹಲ್ಲು, ನ‌ಡುವೆ ಸಣ್ಣ ಸಂದು. ತೋಳು ಒರೆಸಿ ಚುಚ್ಚಿದೆ. ಅದು ಉಸಿರು ಕಟ್ಟಿ, ಆಮೇಲೆ ಬಿಡಾರವೆಲ್ಲ ಕೇಳುವಂತೆ ಕಿರುಚಿತು. ಸಮಾಧಾನ ಮಾಡಲೆಂದು ನಾನು ಕೈ ಚಾಚಿದರೆ ಅವಳು ಕೊಡಲಿಲ್ಲ, ಎದೆಗೆ ಒತ್ತಿಕೊಂಡು ನಿಂತಳು.

"ಅಳ್ಲಿ ಬಿಡ್ರಿ," ಎಂದಳು. "ಇದಕ್ಕ ಹತ್ತಿತು ಅಂತ ಗೊತ್ತಾತಲ್ರಿ."